ತಣ್ಣಗಿದ್ದಾಗ ಸರಿಯಿರುತ್ತಿದ್ದ ಕಾರು

ಏಕಾಂತಯ್ಯ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿಯ ಕೆಲಸದಲ್ಲಿದ್ದವನು. ಮೂವತ್ತಾರು ವರ್ಷ ಅರಸೀಕೆರೆ ಜಂಕ್ಷನ್ನಿನ ಆಚೆ ಈಚೆ ಹಳಿಯ ಪಕ್ಕದ ಕಬ್ಬಿಣದ ಪೆಟ್ಟಿಗೆಗಳನ್ನು ತೆರೆದು, ಎಲ್ಲಿ ತಂತಿ ಸವೆದಿದೆ, ಎಲ್ಲಿ ಇಲಿ ಕಡಿದಿದೆ, ಎಲ್ಲಿ ನೀರು ಇಳಿದಿದೆ ಎಂದು ಹುಡುಕುವುದೇ ಅವನ ಜೀವನವಾಗಿತ್ತು. ನಿವೃತ್ತನಾಗಿ ಒಂದೂವರೆ ವರ್ಷವಾಗಿತ್ತು. ಅಷ್ಟು ದಿನಗಳಲ್ಲಿ ಅವನು ಅರ್ಧ ಗಂಟೆ ಒಂದೇ ಜಾಗದಲ್ಲಿ ಕೂತದ್ದನ್ನು ಹೆಂಡತಿ ಉಷಾರಾಣಿ ನೋಡಿರಲಿಲ್ಲ. ಪೇಪರ್ ಹಿಡಿದರೆ ಎರಡನೇ ಪುಟಕ್ಕೆ ಏಳುತ್ತಿದ್ದ. ಊಟದ ನಡುವೆ ರೈಲಿನ ಸದ್ದು ಕೇಳಿದರೆ ಗಡಿಯಾರ ನೋಡುತ್ತಿದ್ದ. ಮನೆಯ ಮಿಕ್ಸಿಯನ್ನು ಎರಡು ಸಲ, ಮೂರು ಫ್ಯಾನುಗಳನ್ನು ಒಂದೊಂದು ಸಲ ಬಿಚ್ಚಿ ಜೋಡಿಸಿದ್ದ.

ಮಾರ್ಚ್ ತಿಂಗಳ ಒಂದು ಮಂಗಳವಾರ ಅವನು ಇನ್ವರ್ಟರಿನ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕೂತಾಗ ಉಷಾರಾಣಿ ಅದನ್ನು ಕೈಯಿಂದ ಕಿತ್ತುಕೊಂಡಳು.

"ಕೆಡದೇ ಇರೋದನ್ನ ಬಿಚ್ಚಬೇಡಿ ಅಂತ ಎಷ್ಟು ಸಲ ಹೇಳ್ಲಿ? ಒಂದು ಸುತ್ತು ಹೋಗ್ಬನ್ನಿ. ಊರಲ್ಲಿ ಕೆಟ್ಟಿರೋದು ಏನಾದ್ರೂ ಸಿಗುತ್ತೆ."

ಸಿಕ್ಕಿತು. ಡಯಾಲಿಸಿಸ್ ಕೇಂದ್ರದ ಗೇಟಿಗೆ ಅಡ್ಡವಾಗಿ ಒಂದು ಹಳೆಯ ಬಿಳಿ ಕಾರು ನಿಂತಿತ್ತು. ಹಿಂದಿನಿಂದ ಆಂಬುಲೆನ್ಸ್ ಹಾರನ್ ಹೊಡೆಯುತ್ತಿತ್ತು. ಸ್ಟಿಯರಿಂಗ್ ಹಿಡಿದಿದ್ದ ಮೂವತ್ತೈದರ ಆಸುಪಾಸಿನ ಹೆಂಗಸು ಕೀ ತಿರುಗಿಸಿದಾಗೆಲ್ಲ ಇಂಜಿನ್ ತಿರುಗದೆ "ಕಟ್ ಕಟ್" ಎಂದಷ್ಟೇ ಸದ್ದಾಗುತ್ತಿತ್ತು. ಪಕ್ಕದ ಸೀಟಿನಲ್ಲಿ ಟವೆಲ್ ಹೊದ್ದ ಒಬ್ಬ ಮುದುಕ ಇಳಿಯಲೂ ಆಗದೆ ಕೂತಿದ್ದ. ಏಕಾಂತಯ್ಯ ಇನ್ನಿಬ್ಬರ ಜೊತೆ ಸೇರಿ ಕಾರನ್ನು ತಳ್ಳಿದ. ಇಂಜಿನ್ ಕೆಮ್ಮಿ ಶುರುವಾಯಿತು.

"ಇದು ಎಷ್ಟು ದಿನದಿಂದ?" ಎಂದು ಕಿಟಕಿಗೆ ಬಗ್ಗಿ ಕೇಳಿದ.

"ಎರಡು ತಿಂಗಳಾಯ್ತು ಸಾರ್. ಹೊಸ ಬ್ಯಾಟರಿ ಹಾಕ್ಸಿದೆ. ಸೆಲ್ಫ್ ಮೋಟರ್ ಬದಲಾಯಿಸಿದ್ರು. ಒಂದೊಂದು ದಿನ ಸುಮ್ನೆ ಸ್ಟಾರ್ಟ್ ಆಗುತ್ತೆ, ಒಂದೊಂದು ದಿನ ಹಿಂಗೆ."

"ಯಾಕೆ ಅಂತ ಯಾರೂ ನೋಡ್ಲಿಲ್ವಾ?"

"ನೋಡಿದೋರೆಲ್ಲ ಒಂದೊಂದು ಸಾಮಾನು ಬದಲಾಯಿಸಿದ್ರು."

ಅವಳ ಹೆಸರು ಶಿಲ್ಪಾ, ಜಾವಗಲ್ಲಿನವಳು. ಅತ್ತೆ ಮಹದೇವಮ್ಮನಿಗೆ ಮೂತ್ರಪಿಂಡ ಕೆಟ್ಟಾಗ, ವಾರಕ್ಕೆ ಎರಡು ಸಲ ಅರಸೀಕೆರೆಗೆ ಕರೆತರಲೆಂದೇ ಡ್ರೈವಿಂಗ್ ಕಲಿತಿದ್ದಳು. ಜೊತೆಗೆ ಅದೇ ಊರಿನ ಇನ್ನಿಬ್ಬರು ರೋಗಿಗಳು, ಟವೆಲ್ ಹೊದ್ದಿದ್ದ ಆ ಮುದುಕ ಕೆಂಚಯ್ಯ ಮತ್ತು ಮಾದಮ್ಮ, ಬರುತ್ತಿದ್ದರು. ಹೋದ ವರ್ಷ ಅತ್ತೆ ತೀರಿಕೊಂಡಳು. ಹದಿಮೂರು ದಿನ ಕಳೆದು ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದರೆ ಕೆಂಚಯ್ಯ ಜಗಲಿಯ ಮೇಲೆ ಕೂತಿದ್ದ. ಅಷ್ಟು ದಿನ ಬಸ್ಸಿನಲ್ಲೇ ಹೋಗಿ ಬಂದು ಬಳಲಿದ್ದರೂ ಏನೂ ಕೇಳಲಿಲ್ಲ. ಶಿಲ್ಪಾ ಒಳಗೆ ಹೋಗಿ ಕೀ ತಂದಳು. ಅಂದಿನಿಂದ ಅವಳೇ ಅವರಿಬ್ಬರನ್ನು ಕರೆತರುತ್ತಿದ್ದಳು.

ಇಷ್ಟು ಕೇಳಿದ ಮೇಲೆ ಏಕಾಂತಯ್ಯನಿಗೆ ಮನೆಗೆ ಹೋಗಿ ಪೇಪರ್ ಓದುವುದು ಸಾಧ್ಯವಿರಲಿಲ್ಲ.

"ನಾಳೆ ಕಾರು ನಮ್ಮನೆ ಹತ್ರ ತನ್ನಿ. ನಾನು ಮೆಕ್ಯಾನಿಕ್ ಅಲ್ಲ. ಆದ್ರೆ ಕರೆಂಟು ಎಲ್ಲಿ ಕಳೆದುಹೋಗುತ್ತೆ ಅಂತ ಹುಡುಕೋದು ಗೊತ್ತು."

ಬುಧವಾರ ಬೆಳಿಗ್ಗೆ ಅವಳು ಬರುವ ಮೊದಲೇ ಅವನು ನಾಲ್ಕು ಸಲ ಬೀದಿಯ ತುದಿಯವರೆಗೆ ಹೋಗಿ ಬಂದಿದ್ದ. ಕರೆಂಟು ಅಳೆಯುವ ತನ್ನ ಹಳೆಯ ಮೀಟರಿಗೆ ಹೊಸ ಸೆಲ್ ಹಾಕಿದ್ದ. ಕಾರು ಬಂದಾಗ ಉಷಾರಾಣಿ ಶಿಲ್ಪಾಳನ್ನು ಒಳಗೆ ಕರೆದು ತಿಂಡಿ ಕೊಟ್ಟು ಒಂದು ಗಂಟೆ ಮಾತಾಡಿಸಿದಳು. ಅಷ್ಟರಲ್ಲಿ ಏಕಾಂತಯ್ಯ ಬಾನೆಟ್ ಎತ್ತಿ ಬ್ಯಾಟರಿಯಿಂದ ಹೊರಟ ಒಂದೊಂದು ತಂತಿಯನ್ನೂ ಬೆರಳಿನಿಂದ ಸವರಿಕೊಂಡು ಹೋಗಿದ್ದ. ಕಾರು ಹತ್ತಕ್ಕೆ ಹತ್ತು ಸಲವೂ ಚಕ್ಕನೆ ಸ್ಟಾರ್ಟ್ ಆಯಿತು. ಅದರಿಂದ ಅವನಿಗೆ ಅವಮಾನವಾದಂತಾಯಿತು. ಏನಾದರೂ ಸಿಗಲೇಬೇಕಿತ್ತು. ಕೀಯಿಂದ ಸೆಲ್ಫ್ ಮೋಟರಿಗೆ ಹೋಗುವ ಉದ್ದನೆಯ ತೆಳು ತಂತಿಯಲ್ಲಿ ಸ್ವಲ್ಪ ವೋಲ್ಟೇಜು ಸೋರುತ್ತಿತ್ತು.

"ಸಿಕ್ತು!" ಎಂದು ಕೂಗಿದ. "ಕೀ ಸ್ವಿಚ್ಚು ಮುದಿಯಾಗಿದೆ. ಒಂದು ರಿಲೇ ಹಾಕಿದ್ರೆ ಮುಗೀತು."

ಸಿಗ್ನಲ್ ಕೆಲಸದವನಿಗೆ ರಿಲೇಯಷ್ಟು ನಂಬಿಕೆಯ ವಸ್ತು ಇನ್ನೊಂದಿಲ್ಲ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಯಬಿಡುವ ಆ ಪುಟ್ಟ ಡಬ್ಬಿಯನ್ನು ಅವನು ಮಧ್ಯಾಹ್ನದೊಳಗೆ ಹಾಕಿ ಮುಗಿಸಿದ. ಕಾರು ಇನ್ನಷ್ಟು ಚುರುಕಾಗಿ ಸ್ಟಾರ್ಟ್ ಆಯಿತು. ಆ ದಿನ ಅವನು ಎರಡು ಸಲ ಬಡಿಸಿಕೊಂಡು ಉಂಡ.

ಶುಕ್ರವಾರ ಮಧ್ಯಾಹ್ನ ಫೋನ್ ಬಂತು. ಚಿಕಿತ್ಸೆ ಮುಗಿಸಿ ಊರಿಗೆ ಹೊರಟವರು ಬಾಣಾವರದ ಹತ್ತಿರ ರೈಲ್ವೆ ಗೇಟು ಮುಚ್ಚಿದ್ದರಿಂದ ಇಂಜಿನ್ ಆಫ್ ಮಾಡಿದ್ದರು. ರೈಲು ಹೋಯಿತು, ಗೇಟು ತೆರೆಯಿತು, ಕಾರು ಮಾತ್ರ ಏಳಲಿಲ್ಲ.

"ಕಟ್ ಕಟ್ ಅಂತಿದೆ ಸಾರ್. ಮಾದಮ್ಮಂಗೆ ತಲೆ ಸುತ್ತುತಾ ಇದೆ. ಬಿಸಿಲು ಬೇರೆ."

ಏಕಾಂತಯ್ಯ ಆಟೋ ಹಿಡಿದು ಹೊರಟ. ದಾರಿಯುದ್ದಕ್ಕೂ ಡ್ರೈವರನ ಹೆಗಲ ಮೇಲಿಂದ ಬಗ್ಗಿ ರಸ್ತೆ ನೋಡುತ್ತಿದ್ದ. ತಲುಪುವಾಗ ಮುಕ್ಕಾಲು ಗಂಟೆ ದಾಟಿತ್ತು. ಯಾರೋ ಕಾರನ್ನು ಪಕ್ಕಕ್ಕೆ ತಳ್ಳಿ ನಿಲ್ಲಿಸಿ ಹೋಗಿದ್ದರು. ಬೇವಿನ ಮರದ ಕೆಳಗೆ ಮಾದಮ್ಮ ಶಿಲ್ಪಾಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಕೆಂಚಯ್ಯ ಟವೆಲ್ಲಿನಿಂದ ಅವಳಿಗೆ ಗಾಳಿ ಬೀಸುತ್ತಿದ್ದ. ಏಕಾಂತಯ್ಯ ಕಾರೊಳಗೆ ಕೂತು ಕೀ ತಿರುಗಿಸಿದ. ಇಂಜಿನ್ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು.

ಅವನಿಗೆ ಯಾರ ಮುಖ ನೋಡಲೂ ಆಗಲಿಲ್ಲ. ಬಾನೆಟ್ ತೆಗೆದ, ಮುಚ್ಚಿದ, ಮತ್ತೆ ತೆಗೆದ. ರಿಲೇ ಹಾಕಿದ ದಿನ ಹೊಟ್ಟೆ ತುಂಬ ಉಂಡದ್ದು ನೆನಪಾಗಿ ಹಿಂಸೆಯಾಯಿತು.

"ತಪ್ಪು ನಂದು," ಎಂದ ಶಿಲ್ಪಾಳಿಗೆ. "ಏನೋ ಒಂದು ಸಿಕ್ತು ಅಂತ ಅದೇ ಕಾರಣ ಅಂದ್ಕೊಂಡೆ."

ಮರದ ಕೆಳಗಿನಿಂದ ಕೆಂಚಯ್ಯ ಮೆಲ್ಲಗೆ ಹೇಳಿದ: "ತಣ್ಗಿದ್ರೆ ಅದಕ್ಕೇನೂ ಆಗಾಕಿಲ್ಲ ಸಾಮಿ. ಬಿಸಿ ಆದ್ರೆ ಮಾತ್ರ ಮುನಿಸ್ಕೊತದೆ. ದೂರದಿಂದ ಬಂದು ನಿಂತು, ಒಂದು ಗಳಿಗೆ ಆದ್ಮೇಲೆ ನೋಡ್ಬೇಕು. ಆವಾಗ ಕೀ ತಿರುಗ್ಸುದ್ರೆ ಆಯಮ್ಮನ ಕಾಲತ್ರ ಏನೋ ಸುಟ್ಟಂಗೆ ವಾಸ್ನೆ ಬತ್ತದೆ."

ಏಕಾಂತಯ್ಯ ತಿರುಗಿ ನಿಂತ. "ಇದನ್ನ ಯಾರಿಗೂ ಹೇಳ್ಲಿಲ್ವಾ?"

"ಯಾರೂ ಕೇಳ್ನಿಲ್ಲ."

"ವಾಸನೆ ನಂಗೂ ಬರುತ್ತೆ," ಎಂದಳು ಶಿಲ್ಪಾ. "ಕ್ಲಚ್ಚಿಂದಿರಬೇಕು ಅಂದ್ಕೊಂಡಿದ್ದೆ. ಹಂಗಾದ ದಿನ ಆಕ್ಸಿಲರೇಟರ್ ಕೂಡ ಬಿಗಿ ಆಗುತ್ತೆ ಸಾರ್. ತುಳಿದ್ರೆ ಎಳಿಯಲ್ಲ."

ಸಿಗ್ನಲ್ ಕೆಟ್ಟರೆ ಮೊದಲು ಗೇಟಿನವನನ್ನು, ಹಳಿ ನೋಡುವವನನ್ನು ಕೂರಿಸಿಕೊಂಡು ಏನು ಕಂಡೆ, ಏನು ಕೇಳಿದೆ ಎಂದು ವಿಚಾರಿಸುತ್ತಿದ್ದವನು ಅವನು. ಈ ಮೂವರಲ್ಲಿ ಒಬ್ಬರನ್ನೂ ಸರಿಯಾಗಿ ಕೇಳಿರಲಿಲ್ಲ. ನೇರ ಮೀಟರಿಗೆ ಕೈ ಹಾಕಿದ್ದ.

ಶನಿವಾರವಿಡೀ ಅವನು ಮನೆಯಲ್ಲಿ ಶತಪಥ ಹಾಕಿದ. ಕರೆಂಟಿಗೂ ಆಕ್ಸಿಲರೇಟರಿಗೂ ಎಲ್ಲಿಯ ಸಂಬಂಧ? ಪೆಡಲಿನಿಂದ ಇಂಜಿನ್ನಿಗೆ ಹೋಗುವುದು ಬರೀ ಒಂದು ಉಕ್ಕಿನ ಎಳೆ. ಅದರಲ್ಲಿ ಕರೆಂಟೇ ಹರಿಯುವುದಿಲ್ಲ. ಹರಿಯಬಾರದು. ಉಷಾರಾಣಿ ತರಕಾರಿ ಹೆಚ್ಚುತ್ತ ಅವನನ್ನೇ ನೋಡುತ್ತಿದ್ದಳು. ಅವನು ಅಡುಗೆಮನೆಯ ಬಾಗಿಲಲ್ಲಿ ಥಟ್ಟನೆ ನಿಂತ.

"ಹೋಗೋ ದಾರಿ ಸರಿಯಾಗಿದೆ ಕಣೇ. ವಾಪಸ್ ಬರೋ ದಾರಿ ನೋಡಿಲ್ಲ ನಾನು."

"ಯಾವ ಊರಿಂದ?" ಎಂದಳು ಅವಳು.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಅವನು ಜಾವಗಲ್ಲಿಗೆ ಹೋದ. ಶಿಲ್ಪಾ ಕಾರನ್ನು ಹಳೇಬೀಡಿನವರೆಗೆ ಓಡಿಸಿ ವಾಪಸ್ ತಂದು ಮನೆಯ ಮುಂದೆ ನಿಲ್ಲಿಸಿದಳು. ಬಾನೆಟ್ ತೆರೆಯಬಾರದು, ಶಾಖ ಹೊರಹೋಗಬಾರದು, ಇಪ್ಪತ್ತು ನಿಮಿಷ ಕಾಯಬೇಕು ಎಂದು ಏಕಾಂತಯ್ಯನೇ ಹೇಳಿದ್ದ. ಎರಡು ನಿಮಿಷಕ್ಕೇ ಅವನಿಗೆ ತಡೆಯಲಾಗಲಿಲ್ಲ. ಕಾರಿನ ಸುತ್ತ ತಿರುಗಿದ. ಮೀಟರ್ ಆನ್ ಮಾಡಿದ, ಆಫ್ ಮಾಡಿದ. ಬಾನೆಟ್ಟಿನ ಮೇಲೆ ಕೈಯಿಟ್ಟು ತೆಗೆದ.

ಸುದ್ದಿ ಕೇಳಿ ಕೋಲೂರಿಕೊಂಡು ಬಂದಿದ್ದ ಕೆಂಚಯ್ಯ ಜಗಲಿಯನ್ನು ತಟ್ಟಿ ತೋರಿಸಿದ. "ಕುಂತ್ಕಳಿ."

"ಕೂರಕ್ಕಾಗಲ್ಲ ನಂಗೆ."

"ನಂಗೂ ಆಯ್ತಿರ್ನಿಲ್ಲ. ಹೊಲದಾಗೆ ದಿನಾ ಎಲ್ಡು ಮೈಲಿ ನಡೀತಿದ್ದೆ. ಈಗ ವಾರಕ್ಕೆ ಎಲ್ಡು ಕಿತ ನಾಕ್ನಾಕು ಗಂಟೆ, ಕೈಗೆ ಸೂಜಿ ಚುಚ್ಚಿರ್ತಾರೆ, ಅಲ್ಲಾಡಂಗಿಲ್ಲ. ಮೊದ್ಲು ಮೊದ್ಲು ಕಿತ್ತಾಕಿ ಓಡೋಗಾನ ಅನ್ನಿಸ್ತಿತ್ತು. ಆಮೇಲೆ ಮಿಷನ್ನಿನ ಸದ್ದು ಕೇಳ್ತಾ ಕುಂತೆ. ಒಂದೊಂದು ದಿನ ಒಂದೊಂದು ಥರ ಐತೆ ಅದು."

ಏಕಾಂತಯ್ಯ ಜಗಲಿಯ ಅಂಚಿಗೆ ಕೂತ. ಮೊಣಕಾಲು ತಾನಾಗಿಯೇ ಕುಣಿಯುತ್ತಿತ್ತು. ಬಾನೆಟ್ಟಿನ ಒಳಗೆ ಬಿಸಿ ಲೋಹ ಟಿಕ್ ಟಿಕ್ ಎನ್ನುತ್ತಿತ್ತು. ಇಬ್ಬರೂ ಅದನ್ನು ಕೇಳುತ್ತ ಕೂತರು.

ಇಪ್ಪತ್ತು ನಿಮಿಷವಾದ ಮೇಲೆ ಅವನು ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ತಲೆಗೂ ಇನ್ನೊಂದನ್ನು ಇಂಜಿನ್ನಿನ ಮೈಗೂ ಒತ್ತಿ ಹಿಡಿದ.

"ಹಾಕಮ್ಮ."

ಕಟ್ ಕಟ್. ಮೀಟರಿನ ಅಂಕಿ ಜಿಗಿಯಿತು. ಅರ್ಧ ವೋಲ್ಟೂ ತೋರಿಸಬಾರದ ಕಡೆ ನಾಲ್ಕೂವರೆ. ಆಕ್ಸಿಲರೇಟರಿನ ಕೇಬಲ್ ಮುಟ್ಟಿದವನು ಹಾ ಎಂದು ಕೈ ಕೊಡವಿದ. ಕಾದ ತವೆಯಂತಿತ್ತು.

"ಕೆಂಚಯ್ಯ, ನಿಮ್ಮ ವಾಸನೆ ಇಲ್ಲಿದೆ!"

ಶಿಲ್ಪಾ ಇಳಿದು ಬಂದಳು. ಅವನು ಮಾತು ಮಾತಿಗೆ ತೊದಲುತ್ತ ವಿವರಿಸಿದ. ಬ್ಯಾಟರಿಯಿಂದ ಸೆಲ್ಫ್ ಮೋಟರಿಗೆ ಹೋದ ಕರೆಂಟು ಇಂಜಿನ್ನಿನ ಮೈಯಿಂದ ಕಾರಿನ ಮೈಗೆ ದಾಟಿ ಬ್ಯಾಟರಿಗೆ ವಾಪಸ್ ಬರಬೇಕು. ಇಂಜಿನ್ ರಬ್ಬರಿನ ಮೇಲೆ ಕೂತಿರುವುದರಿಂದ ದಾಟಲು ಒಂದು ತಾಮ್ರದ ಪಟ್ಟಿ ಇರುತ್ತದೆ, ಅರ್ಥಿಂಗ್ ಪಟ್ಟಿ. ಅದು ಕೆಟ್ಟರೆ ಕರೆಂಟು ಬೇರೆ ದಾರಿ ಹುಡುಕುತ್ತದೆ. ಇಲ್ಲಿ ಆಕ್ಸಿಲರೇಟರಿನ ಎಳೆಯನ್ನು ಹಿಡಿದಿತ್ತು. ಅಷ್ಟು ತೆಳುವಾದ ಎಳೆ ಆ ಭಾರ ತಾಳದೆ ಸುಡುತ್ತಿತ್ತು, ಬಿಗಿಯುತ್ತಿತ್ತು.

ಪಕ್ಕದ ಮನೆಯ ಟ್ರ್ಯಾಕ್ಟರಿನಿಂದ ದಪ್ಪ ಜಂಪರ್ ತಂತಿ ತಂದು ಬ್ಯಾಟರಿಯ ಮೈನಸ್ಸಿನಿಂದ ಇಂಜಿನ್ನಿಗೆ ಸಿಕ್ಕಿಸಿದರು. ಶಿಲ್ಪಾ ಕೀ ಮುಟ್ಟುತ್ತಿದ್ದಂತೆ ಸುಡುವ ಇಂಜಿನ್ ಗುಡುಗಿ ಎದ್ದಿತು. ಅವಳು ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಜೋರಾಗಿ ನಕ್ಕಳು.

ಪಟ್ಟಿ ಸಿಕ್ಕಿದ್ದು ಕಾರಿನ ಹೊಟ್ಟೆಯ ಕೆಳಗೆ, ಗೇರ್ ಬಾಕ್ಸಿನ ಪಕ್ಕ. ಎಣ್ಣೆ, ಧೂಳು ಗಟ್ಟಿಯಾಗಿ ಮೆತ್ತಿ ಹೊರಗಿನಿಂದ ಇಡಿಯಾಗಿಯೇ ಕಾಣುತ್ತಿತ್ತು. ಬಗ್ಗಿಸಿದರೆ ಒಳಗಿನ ಎಳೆಗಳು ಹಸಿರು ಪುಡಿಯಾಗಿ ಉದುರಿದವು. ಉಳಿದಿದ್ದು ಏಳೆಂಟು ಎಳೆ. ತಣ್ಣಗಿದ್ದಾಗ ಅವು ಹೇಗೋ ಸಾಕಾಗುತ್ತಿದ್ದವು. ಬಿಸಿಯಾದ ಇಂಜಿನ್ನನ್ನು ತಿರುಗಿಸಲು ಸಾಲುತ್ತಿರಲಿಲ್ಲ. ಏಕಾಂತಯ್ಯ ಬ್ಯಾಟರಿ ಅಂಗಡಿಯಿಂದ ದಪ್ಪ ಕೇಬಲ್ ತಂದ, ಎರಡೂ ಕಡೆಯ ಲೋಹವನ್ನು ಹೊಳೆಯುವವರೆಗೆ ಉಜ್ಜಿ ಬಿಗಿದ. ಸುಟ್ಟ ಆಕ್ಸಿಲರೇಟರ್ ಕೇಬಲನ್ನೂ ಬದಲಾಯಿಸಿದ. ಎದ್ದು ನಿಂತಾಗ ಬೆನ್ನೆಲ್ಲ ಮಣ್ಣು.

"ಇನ್ನು ಭಯ ಇಲ್ವಾ ಸಾರ್?"

"ಬುಧವಾರವೂ ಇಲ್ಲ ಅಂದಿದ್ದೆ ನಾನು," ಎಂದ. "ದೂರ ಓಡಿಸಿ ನೋಡ್ಬೇಕು. ಎಲ್ಲಿಗಾದ್ರೂ ಹೋಗೋದಿದೆಯಾ?"

ಅವಳು ಯೋಚಿಸುವಷ್ಟರಲ್ಲಿ ಕೆಂಚಯ್ಯ ಗಂಟಲು ಸರಿಪಡಿಸಿಕೊಂಡ. ಗೆಂಡೆಹಳ್ಳಿಯಲ್ಲಿ ಅವನ ತಂಗಿ ಅಂಕಮ್ಮ ಇದ್ದಳು. ಸೊಂಟ ಮುರಿದುಕೊಂಡು ಮಲಗಿದವಳು ಈಗ ಬಾಗಿಲವರೆಗೆ ನಡೆಯುತ್ತಿದ್ದಳಂತೆ. ಎರಡು ವರ್ಷದಿಂದ ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಬಸ್ಸು ಬದಲಾಯಿಸುವ ಶಕ್ತಿ ಇಬ್ಬರಲ್ಲೂ ಇರಲಿಲ್ಲ.

ಮೂವರೂ ಹೊರಟರು. ಹಳೇಬೀಡಿನ ಬಸ್ ನಿಲ್ದಾಣದ ಹತ್ತಿರ ಏಕಾಂತಯ್ಯ ಕಾರು ನಿಲ್ಲಿಸಲು ಹೇಳಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿಸಿದ. ಬೇಲೂರಿನಲ್ಲಿ ಪೆಟ್ರೋಲ್ ಬಂಕಿನ ಬಿಸಿಲಿನಲ್ಲಿ ಮತ್ತೆ ನಿಲ್ಲಿಸಲು ಹೇಳಿದ. ಎರಡು ಕಡೆಯೂ ಒಂದೇ ಸಲಕ್ಕೆ ಎದ್ದಿತು. ಪ್ರತಿ ಸಲವೂ ಅವನು ಉಸಿರು ಹಿಡಿದಿರುತ್ತಿದ್ದ. ಪ್ರತಿ ಸಲವೂ ಕೆಂಚಯ್ಯ ಮೂಗೆತ್ತಿ ವಾಸನೆ ಹಿಡಿದು, "ಇಲ್ಲ" ಎನ್ನುತ್ತಿದ್ದ.

ಗೆಂಡೆಹಳ್ಳಿಯಲ್ಲಿ ಅಂಕಮ್ಮ ಕೋಲು ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. "ಅಣ್ಣಯ್ಯ" ಎಂದವಳು ಅವನ ಕೈ ಹಿಡಿದು ಒಳಗೆ ಕರೆದೊಯ್ದಳು. ಮಜ್ಜಿಗೆ ಬಂತು. ನೀರು ಹೆಚ್ಚು ಕುಡಿಯುವಂತಿಲ್ಲದ ಕೆಂಚಯ್ಯ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟ. ಅವರು ಮಾತಾಡುತ್ತಿದ್ದ ಹೊತ್ತಿನಲ್ಲೆಲ್ಲ ಏಕಾಂತಯ್ಯ ಹೊರಗೆ ಹೋಗಿ ಕಾರು ಸ್ಟಾರ್ಟ್ ಮಾಡಿ, ನಿಲ್ಲಿಸಿ, ಒಳಗೆ ಬಂದು, ಮತ್ತೆ ಹೋದ.

"ಅವ್ರಿಗೇನಾರಾ ತೊಂದ್ರೆ ಐತಾ?" ಎಂದು ಅಂಕಮ್ಮ ಪಿಸುಮಾತಿನಲ್ಲಿ ಶಿಲ್ಪಾಳನ್ನು ಕೇಳಿದಳು.

ಸಂಜೆ ನಾಲ್ಕಕ್ಕೆ ಹೊರಟಾಗ ಅಂಕಮ್ಮ ಕಾರಿನವರೆಗೂ ಬಂದಳು. ಇಂಜಿನ್ ಶುರುವಾಗಿತ್ತು. ಅವಳು ಕಿಟಕಿಯೊಳಗೆ ಕೈಹಾಕಿ, ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ್ದ ಅಣ್ಣನ ತೋಳನ್ನು ಸವರುತ್ತಿದ್ದಳು. ಬಿಡಲಿಲ್ಲ. ಶಿಲ್ಪಾ ಕೈ ಚಾಚಿ ಇಂಜಿನ್ ಆಫ್ ಮಾಡಿದಳು. ಹಿಂದಿನ ಸೀಟಿನಲ್ಲಿ ಏಕಾಂತಯ್ಯ ಗಡಿಯಾರ ನೋಡಿದ. ಐದು ನಿಮಿಷ, ಹತ್ತು ನಿಮಿಷ, ಹದಿನೈದು. ಜಾವಗಲ್ಲಿನಿಂದ ಅರಸೀಕೆರೆಗೆ ಹೋಗುವ ಬಸ್ಸು ತಪ್ಪುವ ಹೊತ್ತಾಗಿತ್ತು. ಬಾಯಿ ತೆರೆದವನು ಮುಂದಿನ ಸೀಟಿನ ಕಡೆ ನೋಡಿ ಹಿಂದಕ್ಕೆ ಒರಗಿ ಕೂತ.

ಕೊನೆಗೆ ಕೆಂಚಯ್ಯನೇ ಹೇಳಿದ. "ಬಿಡವ್ವ. ಬರೋ ತಿಂಗ್ಳು ಬತ್ತೀನಿ. ಗಾಡಿ ಸರಿಯಾಗೈತಲ್ಲ."

ಶಿಲ್ಪಾ ಕೀ ತಿರುಗಿಸಿದಳು.