ಜಗದಾಂಬಾ ಸಾಕುವ ನೀಲಿ ಬೆಳಕು

ಭದ್ರಾವತಿಯ ಸೇತುವೆಯ ಕೆಳಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೆರಿಗೆ ಎತ್ತಿ ಸಿಕ್ಕಿಸಿಕೊಂಡ ಜಗದಾಂಬಾ ಮೊಣಕಾಲುದ್ದ ಹೊಳೆಗಿಳಿದು ಬಾಟಲಿ ಮುಳುಗಿಸುತ್ತಾರೆ. ತುಂಬಿದ ಬಾಟಲಿಗಳನ್ನು ಐಸಿನ ಡಬ್ಬಿಯಲ್ಲಿಟ್ಟು ಶಿವಮೊಗ್ಗದ ಬಸ್ಸು ಹತ್ತುತ್ತಾರೆ. "ಮೀನೇನಮ್ಮಾ ಅಂತ ಕಂಡಕ್ಟರ್ ದಿನಾ ಕೇಳ್ತಾನೆ. ಬರೀ ನೀರಪ್ಪ ಅಂದ್ರೆ ನಂಬೋದೇ ಇಲ್ಲ" ಎಂದು ನಗುತ್ತಾರೆ.

ಶಿವಮೊಗ್ಗದ ಸಣ್ಣ ಪ್ರಯೋಗಾಲಯವೊಂದರಲ್ಲಿ ಅವರು ಸಹಾಯಕಿ. ಅಲ್ಲಿನ ವಿಜ್ಞಾನಿ ಶರಣ್ಯಾ, ನೀರಿನಲ್ಲಿ ವಿಷವಿದೆಯೇ ಎಂದು ತಿಳಿಯಲು ಬೆಳಕು ಸೂಸುವ ಬ್ಯಾಕ್ಟೀರಿಯಾಗಳನ್ನು ಬಳಸುತ್ತಾರೆ. ಕತ್ತಲ ಕೋಣೆಯಲ್ಲಿ, ಅವುಗಳಿರುವ ಗಾಜಿನ ಕೊಳವೆಗೆ ಹೊಳೆಯ ನೀರು ಬೆರೆಸುತ್ತಾರೆ. ನೀರು ಶುದ್ಧವಿದ್ದರೆ ನೀಲಿ ಬೆಳಕು ಹಾಗೇ ಇರುತ್ತದೆ, ವಿಷವಿದ್ದರೆ ಮಂಕಾಗುತ್ತದೆ. ಆ ಜೀವಿಗಳಿಗೆ ಹೊತ್ತುಹೊತ್ತಿಗೆ ಆಹಾರ ಕೊಟ್ಟು, ತಂಪಾಗಿಟ್ಟು ಸಾಕುವುದು ಜಗದಾಂಬಾ ಅವರ ಕೆಲಸ. ಕರೆಂಟ್ ಹೋದರೆ ಐಸ್ ತರಲು ಓಡುವವರೂ ಅವರೇ.

ಇಲ್ಲಿಗೆ ಬರುವ ಮುಂಚೆ ಇದೇ ಹೊಳೆಯಲ್ಲಿ ಊರವರ ಬಟ್ಟೆ ಒಗೆಯುತ್ತಿದ್ದರು. ಅಂಗೈ ಬಿರಿದು ಹುಣ್ಣಾಗಿ, ಅನ್ನ ಕಲಸಿಕೊಳ್ಳಲೂ ಆಗದೆ ಆ ಕಸುಬು ಬಿಟ್ಟರು. "ಸೋಪಿಂದ ಅಂದ್ಕೊಂಡಿದ್ದೆ" ಎನ್ನುತ್ತಾರೆ.

2002ರ ಬೇಸಿಗೆಯ ಒಂದು ದಿನ, ಬಟ್ಟೆ ಒಗೆಯುವ ಕಟ್ಟೆಯ ಬಳಿಯಿಂದ ಮೊದಲ ಸಲ ತಂದ ನೀರು ಬೆರೆಸುತ್ತಲೇ ಬೆಳಕು ಆರಿಹೋಯಿತು. ಶರಣ್ಯಾ ಮತ್ತೆ ಪರೀಕ್ಷಿಸಿದರು, ಮತ್ತೆ ಆರಿತು. ಜಗದಾಂಬಾ ಮುಂದಿನ ಬಸ್ಸಿಗೇ ಭದ್ರಾವತಿಗೆ ಹೊರಟರು. ಕಟ್ಟೆಯಲ್ಲಿ ಹಳೆಯ ಜೊತೆಗಾತಿ ಪದ್ಮಮ್ಮ ಬಟ್ಟೆ ಕುಕ್ಕುತ್ತಿದ್ದರು.

"ಎದ್ದು ಬಾರೇ, ನೀರು ಸರಿ ಇಲ್ಲ."

"ಇಷ್ಟು ತಿಳಿಯಾಗಿದೆ, ನಿಂಗೇನಾಗಿದೆ ಮಾರಾಯ್ತಿ? ನಾನು ಒಗೀದಿದ್ರೆ ಮನೇಲಿ ಒಲೆ ಉರಿಯುತ್ತಾ?"

ಜಗದಾಂಬಾ ವಾದಕ್ಕೆ ನಿಲ್ಲದೆ ಪದ್ಮಮ್ಮನನ್ನು ಶಿವಮೊಗ್ಗಕ್ಕೇ ಕರೆತಂದರು. ಕತ್ತಲ ಕೋಣೆಯಲ್ಲಿ ಶರಣ್ಯಾ ಒಂದು ಕೊಳವೆಗೆ ಶುದ್ಧ ನೀರು, ಇನ್ನೊಂದಕ್ಕೆ ಕಟ್ಟೆಯ ನೀರು ಬೆರೆಸಿದರು. ಎರಡನೆಯದು ಕಣ್ಣೆದುರೇ ಕಪ್ಪಾಯಿತು. ಪದ್ಮಮ್ಮ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳತೊಡಗಿದರು. "ನನ್ನ ಮೊಮ್ಮಗಳು ಅಲ್ಲೇ ಈಜಾಡ್ತಾಳಲ್ಲೇ" ಎಂದರು.

ಮರುದಿನ ಕಟ್ಟೆಯ ಹೆಂಗಸರೆಲ್ಲ ಶರಣ್ಯಾ ಅವರೊಂದಿಗೆ ಸರ್ಕಾರಿ ಕಚೇರಿಯ ಮುಂದೆ ಹೋಗಿ ಕೂತರು. ಅಧಿಕಾರಿಗಳು ಬಂದು ಹುಡುಕಿದಾಗ, ಲೋಹಕ್ಕೆ ಮೆರುಗು ಕೊಡುವ ಶೆಡ್ಡೊಂದು ಪೊದೆಯ ಮರೆಯಲ್ಲಿ ಹೊಳೆಗೆ ಪೈಪು ಬಿಟ್ಟಿದ್ದು ಸಿಕ್ಕಿತು. ಅದನ್ನು ಮುಚ್ಚಿಸಿದರು. ಮಳೆಗಾಲ ಹಿಡಿಯುವ ಹೊತ್ತಿಗೆ ಕಟ್ಟೆಯ ನೀರಿನಲ್ಲೂ ಬೆಳಕು ಉಳಿಯಿತು. ಸುದ್ದಿ ಕೇಳಿ ಪದ್ಮಮ್ಮ ಪ್ರಯೋಗಾಲಯಕ್ಕೆ ಕಡುಬು ಕಟ್ಟಿಕೊಂಡು ಬಂದರಂತೆ. "ಕೊಳವೇಲಿರೋ ಅವಕ್ಕೂ ಒಂದು ಕೊಡೇ ಅಂದ್ಳು. ಅವು ಕಡುಬು ತಿನ್ನಲ್ಲ ಕಣೇ ಅಂದೆ."

ನಿಮಗೇನು ಆಸೆ ಎಂದು ಕೇಳಿದರೆ ಜಗದಾಂಬಾ ಸ್ವಲ್ಪ ನಾಚಿ, ಗಾಜಿನ ಕೊಳವೆಗಳತ್ತ ಕೈ ತೋರಿಸುತ್ತಾರೆ.

"ಇವು ಹುಟ್ಟಿದ್ದು ಸಮುದ್ರದಲ್ಲಂತೆ. ನಾನು ಸಮುದ್ರ ನೋಡಿಲ್ಲ. ಒಂದ್ಸಲ ಹೋಗಿ ಇವುಗಳ ತವರುಮನೆ ನೋಡ್ಬೇಕು. ನಿಮ್ಮ ಮಕ್ಕಳು ನಮ್ಮಲ್ಲಿ ಚೆನ್ನಾಗಿದಾರೆ ಅಂತ ಹೇಳಿ ಬರ್ತೀನಿ."