ರೇಡಿಯೋದಲ್ಲಿ ಬಂದ ನನ್ನ ಟೈಪಿಂಗು

ಮೊನ್ನೆ ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಮೊಮ್ಮಗಳ ಫೋನಿನಲ್ಲಿ ಯಾವುದೋ ಕಥೆ ಕೇಳುತ್ತಿದ್ದೆ. ನಡುವೆ ಟೈಪ್‌ರೈಟರಿನ ಸದ್ದು ಬಂತು. ಸುಲಿಯುವ ಕೈ ತಾನಾಗಿ ನಿಂತಿತು.

ಅರವತ್ತರ ದಶಕದಲ್ಲಿ ನಾನು ಗೌರಿಬಿದನೂರಿನಲ್ಲಿ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಹೋಗುತ್ತಿದ್ದೆ ಅನ್ನಬಹುದು, ಕಲಿಯುತ್ತಿದ್ದೆ ಅನ್ನಲು ಸಂಕೋಚ. ನನ್ನ ಕಿರುಬೆರಳಿಗೆ ಕೀಲಿ ಒತ್ತುವ ಶಕ್ತಿಯೇ ಇರಲಿಲ್ಲ. ಪದಪದಕ್ಕೂ ಕುಂಟುತ್ತಿದ್ದೆ. ಜೂನಿಯರ್ ಪರೀಕ್ಷೆಯಲ್ಲಿ ಫೇಲಾದೆ. ಅಪ್ಪ ಸ್ಕೂಲ್ ಮೇಷ್ಟ್ರು, ಬೈಯಲಿಲ್ಲ. "ಸಾಕು ಬಿಡಮ್ಮ. ನಗರಗೆರೆ ಕಡೆಯಿಂದ ಒಂದು ಸಂಬಂಧ ಬಂದಿದೆ, ನೋಡಣ" ಅಂದರು. ಬೈದಿದ್ದರೆ ಅಷ್ಟು ಅಳುತ್ತಿರಲಿಲ್ಲವೇನೋ. ನನಗೆ ಕೆಲಸಕ್ಕೆ ಹೋಗುವ ಆಸೆ ಬಹಳ ಇತ್ತು.

ಇನ್ನು ಬರುವುದಿಲ್ಲ ಎಂದು ಹೇಳಲು ಹೋದ ದಿನವೇ ಕ್ಲಾಸಿನಲ್ಲಿ ಬೆಂಗಳೂರಿನ ರೇಡಿಯೋದವರೊಬ್ಬರು ಕೂತಿದ್ದರು. ಈ ಕಡೆಯ ಸೋಬಾನೆ ಹಾಡು ರೆಕಾರ್ಡ್ ಮಾಡಲು ಬಂದವರು, ಟೈಪಿಂಗ್ ಮೇಷ್ಟ್ರ ಸ್ನೇಹಿತರು. ಅವರ ನಾಟಕವೊಂದರಲ್ಲಿ ಒಬ್ಬ ಹೆಂಗಸು ಮನಸ್ಸಿಲ್ಲದೆ ರಾಜೀನಾಮೆ ಟೈಪ್ ಮಾಡುತ್ತಾಳಂತೆ, ಆ ಸದ್ದು ಬೇಕಿತ್ತು. ನಮ್ಮಲ್ಲೇ ಚುರುಕಾದ ಲಲಿತ ಕೂತು ಬಾರಿಸಿದಳು.

"ಚೆನ್ನಾಗಿದೆ ಕಣಮ್ಮ, ಆದ್ರೆ ಕಡಲೆಕಾಯಿ ಹುರಿದ ಹಾಗಿದೆ" ಎಂದು ನಕ್ಕು, ರೇಡಿಯೋದವರು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕರೆದರು.

"ಸಾರ್, ಆ ಹುಡುಗಿ ಬಹಳ ನಿಧಾನ" ಅಂದರು ಮೇಷ್ಟ್ರು.

"ನಿಧಾನಾನೇ ಬೇಕು."

ಕಿಟಕಿ ಮುಚ್ಚಿದರು, ಮೆಷಿನ್ನಿನ ಕೆಳಗೆ ಕಂಬಳಿ ಮಡಿಸಿ ಹಾಕಿದರು. ಮೊದಲ ಸಲ ಹಿಂದೂಪುರದ ರೈಲು ಸಿಳ್ಳೆ ಹಾಕಿ ಎಲ್ಲ ಕೆಡಿಸಿತು. ಎರಡನೇ ಸಲ ಸರಿಯಾಯಿತು.

ನಾಟಕ ಬಂದ ಸಂಜೆ ಪಕ್ಕದ ಮನೆ ವೆಂಕಟಲಕ್ಷ್ಮಮ್ಮನವರ ರೇಡಿಯೋ ಮುಂದೆ ಕೂತೆವು. ಅಪ್ಪನೂ ಬಂದರು. ಒಂದು ಅಕ್ಷರ, ಮೌನ, ಮತ್ತೆರಡು ಅಕ್ಷರ, ಮತ್ತೆ ಮೌನ. ವೆಂಕಟಲಕ್ಷ್ಮಮ್ಮ "ಪಾಪಂ, ಆಯಮ್ಮ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮನೆಗೆ ಬರುವಾಗ ಅಪ್ಪ ಕೇಳಿದರು. "ಏನಮ್ಮ ಟೈಪ್ ಮಾಡ್ದೆ ಅಲ್ಲಿ?"

"ಬರೀ ಎಎಸ್‌ಡಿಎಫ್ ಅಪ್ಪ, ಮೊದಲ್ನೇ ದಿನದ ಪಾಠ. ನೋಡ್ದೆ ಬರೋದು ಅದೊಂದೇ."

ಅಪ್ಪ ಬೀದಿಯಲ್ಲೇ ಜೋರಾಗಿ ನಕ್ಕುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಅಷ್ಟು ಕಷ್ಟ ಪಟ್ಟು ಒತ್ತುತಿದ್ದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣಮ್ಮ. ನಿಲ್ತಿದ್ದೆ, ಮತ್ತೆ ಒತ್ತುತಿದ್ದೆ. ಎದ್ದು ಹೋಗ್ಲಿಲ್ಲ."

ಮರುದಿನ ಅವರೇ ನನ್ನನ್ನು ಕ್ಲಾಸಿಗೆ ಕರೆದುಕೊಂಡು ಹೋಗಿ ಬಿಟ್ಟರು. ಸಂಬಂಧದವರಿಗೆ ಈಗಲೇ ಬೇಡ ಎಂದು ಹೇಳಿ ಕಳಿಸಿದರು. ಲಲಿತ ದಿನವೂ ಪಕ್ಕದಲ್ಲಿ ಕೂತು ನನ್ನ ಕಿರುಬೆರಳು ತಿದ್ದಿದಳು. ಪಾಸಾದೆ. ಚಿಂತಾಮಣಿಯ ಆಫೀಸೊಂದರಲ್ಲಿ ಟೈಪಿಸ್ಟಾಗಿ ಸೇರಿದೆ, ನಿವೃತ್ತಿಯವರೆಗೂ ಅದೇ ಅನ್ನ ತಿಂದೆ. ಅಪ್ಪ, ಲಲಿತ, ಹೆಸರು ಕೇಳುವುದನ್ನೂ ಮರೆತ ಆ ರೇಡಿಯೋದವರು, ಯಾರಿಗೆ ಎಷ್ಟು ಕೈ ಮುಗಿದರೂ ಕಡಿಮೆಯೇ.

ಕಥೆ ಮುಗಿದ ಮೇಲೆ ಮೊಮ್ಮಗಳನ್ನು ಕೇಳಿದೆ, ಆ ಟೈಪ್ ಮಾಡಿದ್ದು ಯಾರಮ್ಮ ಅಂತ.

"ಯಾರೂ ಇಲ್ಲ ಅಜ್ಜಿ. ಅಂಥ ಸೌಂಡೆಲ್ಲ ರೆಡಿ ಸಿಗತ್ತೆ, ಎಲ್ಲಿಂದಲೋ ತಗೊಂಡು ಹಾಕ್ತಾರೆ."

"ಎಲ್ಲಿಂದ ತಗೊಂಡ್ರೂ ಮೊದಲು ಯಾರೋ ಒತ್ತಿರಬೇಕಲ್ಲಮ್ಮ" ಅಂದೆ. ಅವಳು ಆ ಭಾಗವನ್ನು ಇನ್ನೊಮ್ಮೆ ಹಾಕಿದಳು. ಇಬ್ಬರೂ ಕೇಳಿದೆವು. ಯಾರ ಬೆರಳೋ, ಅವಳಿಗೂ ಒಳ್ಳೆಯದಾಗಿರಲಿ.