ಹೊರಡುವ ಮುನ್ನ ಎರಡು ತಟ್ಟು

ಕೂದಲು ನರೆಯುವವರೆಗೂ ಮಾಮ ಓಡಿಸಿದ್ದು ಹೆಣದ ಗಾಡಿ. ಆ ಕೆಲಸದಲ್ಲಿ ಅವನೇ ಮಾಡಿಕೊಂಡ ಒಂದು ಪದ್ಧತಿಯಿತ್ತು. ಹೊರಡುವ ಮುನ್ನ ಹಿಂದಿನ ತಗಡಿನ ಬಾಗಿಲಿಗೆ ಎರಡು ಸಲ ತಟ್ಟಿ, "ಹೊರಡೋಣ್ವಾ?" ಎಂದು ಕೇಳುವುದು. ಒಳಗಿರುವವರು ಯಾರೇ ಆಗಲಿ, ಹೇಳದೆ ಕೇಳದೆ ಹೊತ್ತುಕೊಂಡು ಹೋಗುವುದು ಅವನಿಗೆ ಸರಿ ಕಾಣುತ್ತಿರಲಿಲ್ಲ. ಉತ್ತರವೇನೂ ಬರುತ್ತಿರಲಿಲ್ಲ ಎನ್ನಿ. ಸದ್ದಿಲ್ಲ ಅಂದರೆ ಒಪ್ಪಿಗೆ ಎಂದುಕೊಂಡು ಅವನು ಸ್ಟೇರಿಂಗ್ ಹಿಡಿಯುತ್ತಿದ್ದ. ಇದನ್ನು ನೋಡಿ ನಗುತ್ತಿದ್ದವರು ಬೇಕಾದಷ್ಟು ಜನ. ತಮ್ಮ ಮನೆಯವರನ್ನು ಸಾಗಿಸುವ ದಿನ ಬಂದಾಗ ಮಾತ್ರ ಅವರೇ ಹತ್ತಿರ ಬಂದು, "ಮರೀದೆ ಕೇಳಿ" ಎಂದು ಕಿವಿಯಲ್ಲಿ ಹೇಳಿ ಹೋಗುತ್ತಿದ್ದರು.

ಕೆಲಸ ಬಿಡುವಾಗ ಹಳೆಯ ಗಾಡಿಯನ್ನೂ ಅವನಿಗೇ ಕೊಟ್ಟರು. ಬೇರೆ ಯಾರೂ ಅದನ್ನು ಮೂಸಿಯೂ ನೋಡುತ್ತಿರಲಿಲ್ಲ. ಮನೆಯ ಪಕ್ಕ ತುಕ್ಕು ಹಿಡಿಯುತ್ತ ನಿಂತಿದ್ದ ಅದರ ಮೇಲೆ ಕಣ್ಣು ಹಾಕಿದವಳು ಅವನ ತಂಗಿಯ ಮಗಳು. ಮನೆಮಂದಿ ಅವಳನ್ನು ಕಿಡಿ ಎಂದೇ ಕರೆಯುತ್ತಿದ್ದರು. ಅವಳದೊಂದು ಪಾಪ್ ಪಂಕ್ ಬ್ಯಾಂಡು. ಹಾಡುವವಳು ಅವಳು, ಜೊತೆಗೆ ಗಿಟಾರಿನವನು, ಬೇಸ್ ಗಿಟಾರು ನುಡಿಸುವ ಬೇಸಿನವಳು, ಡ್ರಮ್ಮಿನವನು. ಎದೆನೋವನ್ನೂ ಕುಣಿಕುಣಿದು ಹೇಳುವಂಥ ಹಾಡುಗಳು. ಹಾಡಿನ ಕಂಪನಿಯವರು ಅವಳ ಸಾಲುಗಳನ್ನು ಕತ್ತರಿಸಿ, ತೊಡುವ ಬಟ್ಟೆಯ ಬಣ್ಣವನ್ನೂ ತಾವೇ ಹೇಳತೊಡಗಿದಾಗ ಕಿಡಿ ಕರಾರು ಮುರಿದು ಹೊರಬಂದಳು. ಇನ್ನು ಹಾಡೂ ತಮ್ಮದೇ, ಊರೂರು ಸುತ್ತುವುದೂ ತಮ್ಮ ಪಾಡಿಗೆ ತಾವೇ. ಆದರೆ ಕಂಪನಿಯ ಬಸ್ಸು ಕಂಪನಿಯ ಜೊತೆಗೇ ಹೋಯಿತಲ್ಲ!

"ಮಾಮ, ನಿನ್ನ ಗಾಡಿ ಕೊಡ್ತೀಯಾ?"

"ಅದರ ಹಿಂದೆ ಇದುವರೆಗೂ ಯಾರೂ ಕೂತ್ಕೊಂಡು ಹೋಗಿಲ್ಲ ಕಣೇ."

"ನಾವು ಕೂತ್ಕೋತೀವಿ ಬಿಡು."

ಕಿಡಿಯ ಅಮ್ಮ ಅಣ್ಣನಿಗೆ ಹೇಳಿದ್ದು ಒಂದೇ ಮಾತು: "ಹೇಗೆ ಕರ್ಕೊಂಡು ಹೋಗ್ತೀಯೋ ಹಾಗೇ ತಂದುಬಿಡು." ಮಾಮ ಹೂಂ ಎಂದ. ಮದುವೆ ಮಕ್ಕಳಿಲ್ಲದ ಅವನಿಗೆ ಕಿಡಿ ಎಂದರೆ ಪಂಚಪ್ರಾಣ.

ಹಿಂದೆ ಎರಡೂ ಬದಿಗೆ ಬೆಂಚು ಹಾಕಿಸಿದರು. ಅಲ್ಲಿ ಕಿಟಕಿಯಿರಲಿಲ್ಲ. ಡ್ರೈವರಿನ ಪಕ್ಕದ ಸೀಟನ್ನು ಡ್ರಮ್ಮುಗಳು ನುಂಗಿದ್ದವು. ಮಾಮ ರೂಢಿಯಂತೆ ಎರಡು ತಟ್ಟಿ "ಹೊರಡೋಣ್ವಾ?" ಎಂದಾಗ ಒಳಗಿನಿಂದ ನಾಲ್ವರೂ ಸರದಿಯಂತೆ ಒಂದೊಂದು ಸಲ ತಟ್ಟಿದರು. ಅವರಿಗೆ ಅದು ತಮಾಷೆ. ಮಾಮನ ಕಣ್ಣು ಮಾತ್ರ ತುಂಬಿ ಬಂತು. ಜೀವಮಾನವಿಡೀ ಕೇಳಿದ ಪ್ರಶ್ನೆಗೆ ಅಂದು ಮೊದಲ ಸಲ ಯಾರೋ ಉತ್ತರ ಕೊಟ್ಟಿದ್ದರು. ಅಂದಿನಿಂದ ಅದೇ ನಿಯಮವಾಯಿತು. ನಾಲ್ಕು ಕೇಳಿಸಿದರೆ ಗಾಡಿ ಹೊರಡುತ್ತಿತ್ತು.

ಕಾಲೇಜಿನ ಅಂಗಳ, ಖಾಲಿ ಗೋದಾಮು, ಹೆಂಚು ಹಾರಿಹೋದ ಸಭಾಂಗಣ, ಎಲ್ಲಿ ಕರೆದರೆ ಅಲ್ಲಿ ಹಾಡಿದರು. ಜನ ಹೆಚ್ಚುತ್ತ ಹೋದರು. ಮಾಮ ಕಿವಿಗೆ ಹತ್ತಿ ತುರುಕಿಕೊಂಡು ಹಿಂದೆ ನಿಂತು, ಹೆಮ್ಮೆಯಿಂದ ಬೀಗುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಲಾಡ್ಜಿನ ಹಿತ್ತಲಲ್ಲಿ ಮಾಮ ತಟ್ಟಿ ಕೇಳಿದರೆ ಬಂದದ್ದು ಮೂರೇ ಸದ್ದು. ಯಾರು ಇನ್ನೂ ಹಲ್ಲುಜ್ಜುತ್ತಿದ್ದಾರೋ ಎಂದು ಬಾಗಿಲು ತೆರೆದ. ನಾಲ್ವರೂ ಕೂತಿದ್ದರು.

"ಎಲ್ಲಾರೂ ತಟ್ಟಿದ್ವಲ್ಲ ಮಾಮ," ಎಂದಳು ಬೇಸಿನವಳು.

ಬಾಗಿಲು ಮುಚ್ಚಿ ಮತ್ತೆ ಕೇಳಿದ. ಮತ್ತೆ ಮೂರೇ.

ಈ ಸಲ ಬಾಗಿಲು ತೆರೆದಿಟ್ಟು, ತಾನು ಹೊರಗೇ ನಿಂತು, ಒಬ್ಬೊಬ್ಬರಿಂದಲೂ ತಟ್ಟಿಸಿದ. ಗಿಟಾರಿನವನದು ಕೇಳಿಸಿತು, ಬೇಸಿನವಳದು ಕೇಳಿಸಿತು, ಡ್ರಮ್ಮಿನವನದಂತೂ ಕಿವಿಗೇ ಬಡಿಯಿತು. ಕಿಡಿ ತಟ್ಟಿದಳು. ಅವಳ ಬೆರಳು ತಗಡಿಗೆ ತಾಗಿದ್ದನ್ನು ಅವನು ಕಣ್ಣಾರೆ ಕಂಡ. ಸದ್ದಿಲ್ಲ.

"ಇನ್ನೊಂದ್ಸಲ."

ಅವಳು ಮುಷ್ಟಿ ಕಟ್ಟಿ ಗುದ್ದಿದಳು. ಪಕ್ಕದವರು ಬೆಚ್ಚಿ ಕಿವಿ ಮುಚ್ಚಿಕೊಂಡರು. ಮಾಮನಿಗೆ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು, ಗೋಡೆಯಾಚೆ ಯಾರೋ ಕಸ ಗುಡಿಸುವುದೂ ಕೇಳುತ್ತಿತ್ತು. ಅದೊಂದು ಮಾತ್ರ ಇಲ್ಲ.

"ನಮ್ಮ ಹಾಡು ಕೇಳಿ ಕೇಳಿ ನಿನ್ನ ಕಿವಿ ಹೋಯ್ತು ಮಾಮ," ಎಂದು ಕಿಡಿ ನಕ್ಕಳು. ಅವನು ಡ್ರಮ್ಮಿನವನಿಗೆ ಅದೇ ಜಾಗದಲ್ಲಿ ತಟ್ಟಲು ಹೇಳಿದ. ಚೆನ್ನಾಗಿಯೇ ಕೇಳಿಸಿತು. ಈ ನಿಶ್ಶಬ್ದ ಅವನಿಗೆ ಹೊಸದಲ್ಲ. ಹೆಣ ಸಾಗಿಸುತ್ತಿದ್ದಾಗ ಇದೇ ಬಾಗಿಲ ಹಿಂದೆ ದಿನವೂ ಕೇಳಿಸಿಕೊಂಡದ್ದು.

"ಇವತ್ತು ಗಾಡಿ ಹೋಗಲ್ಲ."

"ಮಾಮ! ನಮ್ಮ ಹೆಸರಲ್ಲಿ ಮೊದಲ್ನೇ ದೊಡ್ಡ ಕಾರ್ಯಕ್ರಮ ಇವತ್ತು. ತಪ್ಪಿಸಿದ್ರೆ ಕಂಪನಿಯವರು ಆಡ್ಕೊಂಡು ನಗ್ತಾರೆ."

"ನಗಲಿ."

"ನೀನು ಬರದಿದ್ರೆ ಬಸ್ ಹತ್ತಿ ಹೋಗ್ತೀನಿ. ನೀನೂ ಕಂಪನಿಯವರ ಹಾಗೆ ಶುರುಮಾಡ್ಬೇಡ."

ಆ ಮಾತು ಅವನಿಗೆ ನಾಟಿತು. ಹಿಡಿದ ಹಟ ಬಿಡುವವಳಲ್ಲ ಅವಳು. ಬಸ್ಸಿಗೆ ಹೋದರೆ ಅವಳ ಬೆನ್ನಿಗೆ ಯಾರೂ ಇರುವುದಿಲ್ಲ. ಮಾಮ ಒಂದು ಗಳಿಗೆ ಬೆಂಚಿನ ಮೇಲಿನ ಅವಳ ಜಾಗವನ್ನೇ ನೋಡಿದ. ಹಿಂದೆ ಅಲ್ಲಿಯೇ ಚಟ್ಟ ಇಡುತ್ತಿದ್ದುದು. ಆಮೇಲೆ ಜೇಬಿನಿಂದ ಕೀಲಿ ತೆಗೆದ.

"ಇಳಿ. ಇವತ್ತು ನೀನು ಓಡಿಸು. ನಿನ್ನ ಜಾಗದಲ್ಲಿ ನಾನು ಕೂರ್ತೀನಿ."

"ನಿಜವಾಗ್ಲೂ?"

"ನಾನೇ ಕಲಿಸಿದ್ದಲ್ವಾ? ನಿಧಾನ ಹೋಗು. ಯಾರನ್ನೂ ಹಿಂದೆ ಹಾಕ್ಬೇಡ."

ಕಿಡಿ ಅವನ ಕೆನ್ನೆ ಹಿಂಡಿ ಇಳಿದಳು. ಅವನು ಹತ್ತಿ ಕೂತ. ಬೆಂಚು ಇನ್ನೂ ಬೆಚ್ಚಗಿತ್ತು. ಬಾಗಿಲು ಮುಚ್ಚಿಕೊಂಡಿತು. ಒಳಗೆ ಇಷ್ಟು ಕತ್ತಲೆಂದು ಇಷ್ಟು ವರ್ಷ ಅವನಿಗೆ ಗೊತ್ತೇ ಇರಲಿಲ್ಲ.

ಹೊರಗಿನಿಂದ ಎರಡು ತಟ್ಟು. "ಹೊರಡೋಣ್ವಾ?" ಥೇಟ್ ಅವನದೇ ಧಾಟಿ.

ಮೂವರೂ ತಟ್ಟಿದರು. ಕೊನೆಗೆ ಮಾಮ ಗೆಣ್ಣು ಸುಲಿಯುವಷ್ಟು ಜೋರಾಗಿ ಗುದ್ದಿದ. ತಗಡು ಅದುರಿತು, ಪಕ್ಕದಲ್ಲಿದ್ದ ಗಿಟಾರಿನ ತಂತಿಗಳೂ ಗುಂಯ್ ಎಂದವು.

"ಮೂರೇ ಬಂತು," ಎಂದಳು ಕಿಡಿ. "ಮಾಮ, ನೀನು ತಟ್ಟಲಿಲ್ಲ."

ಮಾಮನ ಎದೆಯ ಮೇಲಿದ್ದ ಭಾರ ಇಳಿಯಿತು. ಆ ನಿಶ್ಶಬ್ದ ಅವಳನ್ನು ಬಿಟ್ಟು ತನ್ನ ಪಾಲಿಗೆ ಬಂದಿತ್ತು. ಇಷ್ಟು ಸಂತೋಷ ಅವನಿಗೆ ಯಾವತ್ತೂ ಆಗಿರಲಿಲ್ಲ.

"ಮಾಮ, ಇನ್ನೊಂದ್ಸಲ ತಟ್ಟು. ಗಟ್ಟಿಯಾಗಿ ತಟ್ಟು ಮಾಮ!" ಈಗ ಅವಳ ದನಿಯಲ್ಲಿ ನಗುವಿರಲಿಲ್ಲ.

ಅವನು ನೋಯುತ್ತಿದ್ದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಸದ್ದಿಲ್ಲ ಅಂದ್ರೆ ಒಪ್ಪಿಗೆ ಕಣೇ," ಎಂದ. "ಹೊರಡು, ಕಂದ."